ಸೇತುವೆಯ ಮೇಲೆ ಅಕ್ಕಿಕಾಳಿನಷ್ಟು

ಅವರ ಎಡಗಣ್ಣಿನ ಸುತ್ತ ಇದ್ದಷ್ಟು ಸುಕ್ಕು ಬಲಗಣ್ಣಿನ ಸುತ್ತ ಇರಲಿಲ್ಲ. ನಲವತ್ತು ವರ್ಷ ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ಕಳೆದವರು. ಮುಚ್ಚಿದ ಕಣ್ಣಿಗೆ ವಯಸ್ಸಾಗಿತ್ತು, ನೋಡಿದ ಕಣ್ಣು ಹಾಗೇ ಉಳಿದಿತ್ತು. ಮಾತಾಡುವಾಗಲೂ ಒಮ್ಮೊಮ್ಮೆ ಆ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಪರಿಚಯವಿಲ್ಲದ ಹೆಂಗಸರು ತಪ್ಪು ತಿಳಿದು ಸೆರಗು ಸರಿಮಾಡಿಕೊಂಡು ಎದ್ದು ಹೋದದ್ದೂ ಇದೆ.

ಮಕ್ಕಳೇ, ನೀವು ಅವರನ್ನು ನೋಡಿಲ್ಲ. ಕುಂದಾಪುರ ಪೇಟೆಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ನನಗೆ ಸಂಬಂಧಿಕರಲ್ಲ. ಹತ್ತು ವರ್ಷಕ್ಕೆ ಹಿರಿಯರಾದ್ದರಿಂದ ಅಣ್ಣಯ್ಯ ಅನ್ನುತ್ತಿದ್ದೆ. ಕಳೆದ ಚೌತಿಗೆ ನೀವು ಬ್ರಹ್ಮಾವರದಿಂದ ಬಂದಾಗ, ಹೊಳೆಯ ನಡುವಿನ ನಮ್ಮ ಕುದ್ರುವಿನ ಸೇತುವೆಯ ಫೋಟೋ ತೆಗೆಯುತ್ತಿದ್ದಿರಿ. 'ಮೇಲಿಂದ ಬೇಡ, ದಂಡೆಗೆ ಇಳೀರಿ, ಬಿಸಿಲು ಓರೆ ಆಗುವವರೆಗೆ ಕಾಯಿರಿ' ಎಂದು ನಾನು ಬಾಯಿ ಹಾಕಿದೆ. ನೀವು ಮುಖ ಮುಖ ನೋಡಿಕೊಂಡಿರಿ. 'ಐದನೇ ಕ್ಲಾಸು ಓದಿದ ಅಜ್ಜಿಗೆ ಇದೆಲ್ಲ ಯಾರು ಹೇಳಿಕೊಟ್ಟದ್ದು?' ಎಂದು ಕೇಳಿದಿರಿ. ನಾಲ್ಕು ಜನ ಎದುರಿಗೆ ಕೂತರೆ ನನಗೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅವರಲ್ಲಿಗೆ ಮೊದಲು ಹೋದದ್ದು ನಿಮ್ಮ ಅಜ್ಜ ತೀರಿಕೊಂಡ ಹನ್ನೊಂದನೇ ದಿನ ಕಳೆದ ಮೇಲೆ. ಗೋಡೆಗೆ ಹಾಕಲು ಒಂದು ಫೋಟೋ ಬೇಕಿತ್ತು. ಇದ್ದದ್ದು ಒಂದೇ, ದೋಣಿಯ ಎದುರು ಆರು ಜನ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತದ್ದು. ಅಣ್ಣಯ್ಯ ಅದನ್ನು ಕಂಪ್ಯೂಟರಿಗೆ ಹಾಕಿ ನನ್ನನ್ನು ಪಕ್ಕದಲ್ಲಿ ಕೂರಿಸಿ, ಒಬ್ಬೊಬ್ಬರನ್ನೇ ಅಳಿಸುತ್ತಾ ಹೋದರು. ಗೇರುಬೀಜದ ಕಾರ್ಖಾನೆಯ ಎಣ್ಣೆ ಹಿಡಿದು ಕಪ್ಪಾದ ನನ್ನ ಬೆರಳುಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು ನೋಡುತ್ತಿದ್ದೆ. ಐದು ಜನ ಹೋದರು. ನಿಮ್ಮ ಅಜ್ಜ ಉಳಿದರು, ಅವರ ಹೆಗಲ ಮೇಲೆ ಯಾರದೋ ನಾಲ್ಕು ಬೆರಳು ಉಳಿದವು.

"ಆ ಕೈ ಇರ್ಲಿ ಹೆಣೆ," ಅಂದರು, ತಂಗಿಯನ್ನು ಕರೆಯುವ ಹಾಗೆ. "ತೆಗ್ದ್ರೆ ಹೆಗ್ಲ್ ಬೋಳ್ ಕಾಣತ್ತ್."

ಪಡಸಾಲೆಯ ಫೋಟೋದಲ್ಲಿ ಅಜ್ಜನ ಹೆಗಲ ಮೇಲೆ ಇರುವುದು ಯಾರ ಕೈ ಎಂದು ನೀವೆಲ್ಲ ಚಿಕ್ಕವರಿದ್ದಾಗ ಹೆದರುತ್ತಿದ್ದಿರಲ್ಲ, ಅದರ ಕತೆ ಇಷ್ಟೇ. ಆವತ್ತು ನಾನು ಅವರನ್ನು ದೊಡ್ಡ ಮನುಷ್ಯ ಎಂದುಕೊಂಡೆ. ಎಷ್ಟು ಸುಲಭವಾಗಿ ಐದು ಜನರನ್ನು ಅಳಿಸಿದರು ಎಂಬುದನ್ನು ಯೋಚಿಸಲಿಲ್ಲ.

ಮರುವರ್ಷ ಮಳೆ ಬಿಟ್ಟ ಮೇಲೆ ಅಣ್ಣಯ್ಯ ನಮ್ಮ ಸೇತುವೆಯ ಹುಚ್ಚು ಹಿಡಿಸಿಕೊಂಡರು. ಮದುವೆ, ಉಪನಯನದ ಫೋಟೋ ತೆಗೆದು ತೆಗೆದು ಬೇಸರವಾಗಿತ್ತಂತೆ. 'ನನ್ ಹೆಸ್ರಲ್ಲಿ ಒಂದಾದ್ರೂ ಫೋಟೋ ಉಳಿಬೇಕಲೆ' ಎನ್ನುತ್ತಿದ್ದರು. ಬೆಳಿಗ್ಗೆ ನಾನು ಕಾರ್ಖಾನೆಗೆ ಹೋಗುವ ಬಸ್ಸಿಗೆಂದು ಸೇತುವೆ ದಾಟುವಾಗ ಅವರು ಅಲ್ಲಿರುತ್ತಿದ್ದರು. ಮೊದಲು ಸೇತುವೆಯ ನಡುವೆ ನಿಂತು ತೆಗೆದರು, ಆಗಲಿಲ್ಲ. ಎದುರಿಗೆ ನಿಂತು ಅಡ್ಡಕ್ಕೆ ಪೂರ್ತಿ ತೆಗೆದರು. ಅದು ಗೆರೆ ಎಳೆದ ಹಾಗೆ ಬಂತು. ಕೊನೆಗೆ ಪಂಚೆ ಎತ್ತಿ ಕಟ್ಟಿ, ಕೆಸರಿನ ದಂಡೆಗಿಳಿದು, ನೀರಿನ ಮಟ್ಟಕ್ಕೆ ಕ್ಯಾಮೆರಾ ಇಟ್ಟುಕೊಂಡು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತರು. ಅಲ್ಲಿಂದ ನೋಡಿದರೆ ಸೇತುವೆ ಹತ್ತಿರದ ಕಂಬದಿಂದ ಶುರುವಾಗಿ ಸಣ್ಣದಾಗುತ್ತಾ ಆಚೆ ದಡದ ತೆಂಗಿನ ಮರಗಳೊಳಗೆ ಹೋಗುತ್ತದೆ. ನೋಡುವವನ ಕಣ್ಣೂ ಅದರ ಹಿಂದೆ ನಡೆದು ಹೋಗಬೇಕು, ಅದೇ ಅವರ ಲೆಕ್ಕ.

ಬೆಳಕಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. "ಮಧ್ಯಾಹ್ನದ್ ಬೆಳ್ಕ್ ಪೊಲೀಸ್ರ ಟಾರ್ಚ್ ಇದ್ದಂಗೆ, ಎಲ್ಲಾರ್ ಮುಖಕ್ಕೂ ಒಂದೇ ಸಮ ಹೊಡಿತತ್ತ್," ಅನ್ನುವರು. ಸೂರ್ಯ ಬೆನ್ನ ಹಿಂದೆ ಇರಬಾರದು, ಬದಿಯಲ್ಲಿರಬೇಕು. ಕಂಬಕ್ಕೆ ಒಂದು ಕೆನ್ನೆ ಬಿಸಿಲು, ಒಂದು ಕೆನ್ನೆ ನೆರಳು ಇದ್ದರೆ ಮಾತ್ರ ಅದು ದುಂಡಗೆ ಕಾಣುತ್ತದೆ. ಇವನ್ನೆಲ್ಲ ನನಗೆ ಪಾಠದ ಹಾಗೆ ಹೇಳಿದವರಲ್ಲ. ತಮ್ಮಷ್ಟಕ್ಕೆ ಗೊಣಗುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿದ್ದೆ.

ಒಂದು ದಿನ ಅವರು ಕ್ಯಾಮೆರಾಕ್ಕೆ ಕಣ್ಣಿಟ್ಟದ್ದು ಕಂಡು, ಅಡ್ಡ ಬರಬಾರದೆಂದು ನಾನು ಸೇತುವೆಯ ತುದಿಯಲ್ಲೇ ನಿಂತೆ. ಬಸ್ಸಿನ ಹಾರ್ನ್ ಕೇಳಿತು, ಬಸ್ಸು ಹೋಯಿತು, ನಾನು ನಿಂತೇ ಇದ್ದೆ.

ಕೆಳಗಿನಿಂದ ಕೂಗಿದರು: "ಹ್ವಾಯ್! ಎಂತಕ್ ನಿತ್ಕಂಡದ್ದ್? ನೆಡಿ!"

"ನಿಮ್ ಫೋಟೋ ಹಾಳಾತ್ತಲೆ ಅಣ್ಣಯ್ಯ!"

"ನೀ ನಡೂಕೇ ಕಾಯ್ತಿದ್ದೆ ಮಾರಾಯ್ತಿ! ಜನ ಇಲ್ದಿರೆ ಅದ್ ಬರೀ ಸಿಮೆಂಟ್. ಮೇಲೆ ಒಂದ್ ಜೀವ ನಡದ್ರೆ ಸೇತುವೆ ಎಷ್ಟ್ ಉದ್ದ ಇತ್ತ್ ಅಂದೇಳಿ ಗೊತ್ತಾಪುದ್!"

ನನ್ನನ್ನು ಒಬ್ಬರು ಕಾದಿದ್ದರು ಎಂದು ಕೇಳಿ ನನಗೆ ನಾಚಿಕೆಯಾಯಿತು. ಆ ದಿನದ ಕೆಲಸ ತಪ್ಪಿದರೂ ಬೇಸರವಾಗಲಿಲ್ಲ.

ಆದರೂ ಅವರಿಗೆ ಬೇಕಾದ ಫೋಟೋ ಸಿಗಲಿಲ್ಲ. ನೀರು ಕದಡಿ, ಕಂಬಗಳ ಬಿಂಬ ಚೂರುಚೂರಾಗುತ್ತಿತ್ತು. ಗಾಳಿಯನ್ನು ಬೈದರು, ದೋಣಿಯವರನ್ನು ಬೈದರು. ತಿಂಗಳ ಮೇಲೆ ನಾನು ಧೈರ್ಯ ಮಾಡಿ ಹೇಳಿದೆ, ಅದು ಗಾಳಿಯಲ್ಲ, ನೀರಿನ ಸೆಳೆತ ಎಂದು. ಉಬ್ಬರ ಪೂರ್ತಿಯಾಗಿ ಇಳಿತ ಶುರುವಾಗುವ ಮೊದಲು ಹೊಳೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತದೆ. ಕುದ್ರುವಿನಲ್ಲಿ ಹುಟ್ಟಿದವರಿಗೆ ಅದು ಮೈಗೇ ಗೊತ್ತು. ದಿನದಿನವೂ ಬೇರೆ ಬೇರೆ ಹೊತ್ತಿಗೆ ಬರುವ ಆ ಗಳಿಗೆ, ಸೂರ್ಯ ತೆಂಗಿನ ತುದಿಗೆ ಬರುವ ಹೊತ್ತಿಗೇ ಕೂಡಿಬರುವುದು ಹದಿನೈದು ದಿನಕ್ಕೊಮ್ಮೆ. "ಅಷ್ಟಮಿ ಕಳ್ದ್ ಎರ್ಡನೇ ದಿನ ಬನ್ನಿ," ಅಂದೆ.

ಬಂದರು. ಹೊಳೆ ಕನ್ನಡಿಯಾಗಿತ್ತು. ನಾನು ಛತ್ರಿ ಹಿಡಿದು, ಬುತ್ತಿಚೀಲ ಹಿಡಿದು, ತಿರುಗಿ ನೋಡದೆ ನಡೆದೆ. ಮೂರು ದಿನದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಫೋಟೋ ತಂದು ತೋರಿಸಿದರು. ಉದ್ದಕ್ಕೆ ಸೇತುವೆ, ಅದರ ಮೇಲೆ ಅಕ್ಕಿಕಾಳಿನಷ್ಟು ನಾನು. ಕೆಳಗೆ ನೀರಿನಲ್ಲಿ ತಲೆಕೆಳಗಾಗಿ ಇನ್ನೊಂದು ಸೇತುವೆ, ಅದರ ಮೇಲೆ ಇನ್ನೊಂದು ಅಕ್ಕಿಕಾಳು. ಅಷ್ಟು ಚಿಕ್ಕವಳಾಗಿ ಕಂಡೂ ಅಷ್ಟು ದೊಡ್ಡವಳಾದ ಹಾಗೆ ನನಗೆ ಯಾವತ್ತೂ ಅನಿಸಿರಲಿಲ್ಲ.

ಪೇಟೆಯ ಒಂದು ಜವಳಿ ಅಂಗಡಿಯವರು ಆ ಫೋಟೋವನ್ನು ಹೊಸ ವರ್ಷದ ಕ್ಯಾಲೆಂಡರಿಗೆ ಆರಿಸಿದರು. ಅಣ್ಣಯ್ಯ ಬಂದು ಹೇಳಿದಾಗ ಅವರ ಎರಡೂ ಕಣ್ಣು ತೆರೆದೇ ಇದ್ದವು. ಕಾರ್ಖಾನೆಯಲ್ಲಿ ಗೊತ್ತಾಗಿ, ಬೀಜ ಸುಲಿಯುವ ಹೆಂಗಸರೆಲ್ಲ ಹಿಡಿದುಕೊಂಡರು. "ಸಿನೆಮಾದೋಳ್ ಬಂದ್ಳ್, ಜಾಗ ಬಿಡಿ! ಎಣ್ಣೆ ಹಿಡ್ದ್ ಕೈಗೆ ಉಂಗ್ರ ಹಾಕಣಿ!" ನಾನೂ ನಕ್ಕೆ.

ಆ ನಗುವಿನ ಒಳಗೆ ಏನಿತ್ತು ಎಂದು ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳುತ್ತೇನೆ. ಗಂಡ ಹೋದ ಮೇಲೆ ಮದುವೆಮನೆಗಳಲ್ಲಿ ನನ್ನ ಜಾಗ ಹಿಂದಿನ ಸಾಲು. ಹೂವಿನ ತಟ್ಟೆ ನನ್ನ ಹತ್ತಿರ ಬಂದಾಗ ನನ್ನನ್ನು ದಾಟಿ ಪಕ್ಕದವಳಿಗೆ ಹೋಗುತ್ತಿತ್ತು. ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟದ್ದು ಕಂಡರೆ ನಾನೇ ಬಾಗಿಲ ಮರೆಗೆ ಸರಿಯುತ್ತಿದ್ದೆ. ಇನ್ನು ಅದೇ ಮನೆಗಳ ಗೋಡೆಯ ಮೇಲೆ, ದೇವರ ಕೋಣೆಯ ಪಕ್ಕ, ವರ್ಷವಿಡೀ ನಾನು ನಡೆಯುತ್ತಿರುತ್ತೇನೆ ಎಂದುಕೊಂಡೆ. ಆಚೆ ಸರಿ ಎಂದು ಯಾರೂ ಹೇಳುವಂತಿಲ್ಲ. ನನಗೆ ಬೇಕಾದದ್ದು ಅಷ್ಟೇ.

ಕ್ಯಾಲೆಂಡರ್ ಬಂತು. ಸೇತುವೆ ಇತ್ತು, ಬಿಸಿಲಿತ್ತು, ತೆಂಗಿನ ಮರ ಇದ್ದವು. ನಾನಿರಲಿಲ್ಲ. ನನ್ನ ಜಾಗದಲ್ಲಿ ಸೇತುವೆಯ ಕಟಾಂಜನದ ಕಂಬಿ ನೆಟ್ಟಗೆ ಕೂಡಿಕೊಂಡಿತ್ತು. ಸೇತುವೆ ಆಟದ ಸಾಮಾನಿನ ಹಾಗೆ ಗಿಡ್ಡವಾಗಿತ್ತು. ಎಷ್ಟೋ ಹೊತ್ತು ನೋಡಿದ ಮೇಲೆ ಕಂಡಿತು, ಕೆಳಗೆ ನೀರಿನೊಳಗೆ ಛತ್ರಿ ಹಿಡಿದ ಅಕ್ಕಿಕಾಳು ಹಾಗೇ ಇದೆ. ಮೇಲೆ ಯಾರೂ ಇಲ್ಲ, ನೀರಿನಲ್ಲಿ ಒಬ್ಬಳು ನಡೆಯುತ್ತಿದ್ದಾಳೆ.

ಮರುದಿನ ಕಾರ್ಖಾನೆ ಬಿಟ್ಟವಳೇ ಸೀದಾ ಸ್ಟುಡಿಯೋಕ್ಕೆ ಹೋದೆ. ನನ್ನ ಜೀವಮಾನದಲ್ಲಿ ಜಗಳಕ್ಕೆಂದು ಹೋದದ್ದು ಅದೊಂದೇ ಸಲ. ಕ್ಯಾಲೆಂಡರನ್ನು ಮೇಜಿನ ಮೇಲೆ ಬಿಡಿಸಿಟ್ಟೆ.

ಅಣ್ಣಯ್ಯ ತಲೆ ಎತ್ತಲಿಲ್ಲ. "ಅಂಗ್ಡಿಯೋರ್ ಹೇಳ್ರ್," ಅಂದರು. "ಮನೆಮನೆಗೆ ಹೋಪು ಕ್ಯಾಲೆಂಡರ್, ವರ್ಷದ್ ಮೊದ್ಲ್ ದಿನ ಎದ್ದ್ ಅವ್ಳನ್ ಕಾಣ್ಬೇಕಾ, ಗಿರಾಕಿಗಳ್ ಸುಮ್ನಿರ್ತ್ರಾ ಅಂದ್ರ್."

"ಅಕ್ಕಿಕಾಳಿನಷ್ಟ್ ಇದ್ದಿದ್ದೆ ಅಣ್ಣಯ್ಯ. ಮುಖ ಇಲ್ಲ, ಹಣೆ ಇಲ್ಲ. ನಾನ್ ಅಂದೇಳಿ ಅವ್ರಿಗ್ ಹ್ಯಾಂಗ್ ಗೊತ್ತಾಯ್ತ್?"

ಕ್ಯಾಲೆಂಡರಿನ ಅಂಚನ್ನು ಬೆರಳಲ್ಲಿ ನೇರ ಮಾಡಿದರು. "ನಾನೇ ಹೇಳ್ದೆ. ಇದ್ ಕುದ್ರಿನ್ ಇಂತೋರ್ ಹೆಂಡ್ತಿ, ನೀರ್ ನಿಲ್ಲು ಹೊತ್ತ್ ಹೇಳ್ದೋಳ್ ಅವ್ಳೇ, ಅವ್ಳಿಲ್ದಿರೆ ಈ ಫೋಟೋ ಇಲ್ಲ ಅಂದೆ. ಹೆಮ್ಮೆಯಲ್ಲಿ ಬಾಯಿಗ್ ಬಂದದ್ದ್."

ನನ್ನನ್ನು ಹೊಗಳಿ ನನ್ನನ್ನು ಅಳಿಸಿಕೊಂಡು ಬಂದಿದ್ದರು.

"ನೀರೊಳ್ಗೆ ಬಿಟ್ಟದ್ದ್ ಮರ್ತಾ?" ಅಂದೆ.

ಎಡಗಣ್ಣು ಮುಚ್ಚಿಕೊಂಡಿತು. "ಇಲ್ಲ. ಅಷ್ಟೇ ಧೈರ್ಯ ಇದ್ದದ್ದ್ ನಂಗೆ."

ಕಪಾಟಿನಿಂದ ಮೊದಲಿನ ಫೋಟೋ ತೆಗೆದು, ಕಟ್ಟು ಹಾಕಿಸಿದ್ದನ್ನು, ನನಗೆ ಕೊಡಲು ಬಂದರು. ನಾನು ಮುಟ್ಟಲಿಲ್ಲ. ಸ್ಟುಡಿಯೋದ ರಸ್ತೆ ಬದಿಗೆ ಒಂದು ಗಾಜಿನ ಕಿಟಕಿ ಇತ್ತು, ಮದುಮಕ್ಕಳ ಫೋಟೋ ಇಡುವುದು. "ಅದ್ರೊಳ್ಗೆ ಹಾಕಿ," ಅಂದೆ. "ಪೇಟೆ ಎಲ್ಲ ಕಾಣ್ಲಿ." ಅವರು ಫೋಟೋ ಹಿಡಿದುಕೊಂಡೇ ಕಿಟಕಿಯ ಕಡೆ ನೋಡಿದರು.

ಆಮೇಲೆ ಪ್ರತಿ ಶನಿವಾರ ಸಂತೆಗೆ ಹೋಗುವಾಗ ಆ ಕಿಟಕಿ ನೋಡುತ್ತಿದ್ದೆ. ಮದುಮಗಳು ಬದಲಾಗುತ್ತಿದ್ದಳು, ಸೇತುವೆ ಬರಲಿಲ್ಲ. ಒಂದೆರಡು ಸಲ ಅಣ್ಣಯ್ಯ ಬಾಗಿಲಿಗೆ ಬಂದು "ಹೆಣೆ, ಒಂದ್ ಚಾ ಕುಡ್ದ್ ಹೋಗ್" ಅಂದರು. ನಾನು ಕೇಳಿಸದವಳ ಹಾಗೆ ನಡೆದೆ. ಅವರ ಮಗಳ ಮದುವೆಗೆ ಕರೆದರು, ಹೋಗಲಿಲ್ಲ. ಹೋದರೆ ಯಾವ ಸಾಲಿನಲ್ಲಿ ಕೂರಿಸುತ್ತಾರೆ ಎಂದು ನೋಡುವುದು ನನಗೆ ಬೇಡವಾಗಿತ್ತು. ಹೀಗೆ ಒಂಬತ್ತು ವರ್ಷ. ಬೇರೆಯವರ ತಪ್ಪಾಗಿದ್ದರೆ ಮರೆಯುತ್ತಿದ್ದೆನೋ ಏನೋ. ಅಂಗಡಿಯವರ ಮೇಲೆ ನನಗೆ ಸಿಟ್ಟೇ ಇಲ್ಲ, ಅವರು ಎಲ್ಲರ ಹಾಗೆ. ಆದರೆ 'ಜನ ಇಲ್ದಿರೆ ಅದ್ ಬರೀ ಸಿಮೆಂಟ್' ಎಂದದ್ದು ಅಣ್ಣಯ್ಯ. ಗೊತ್ತಿದ್ದೂ ಅಳಿಸಿದವರು.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಕಾಯಿಲೆ ಎಂದು ಗೊತ್ತಿತ್ತು, ನೋಡಲು ಹೋಗಲಿಲ್ಲ. ತಿಂಗಳ ಮೇಲೆ ಅವರ ಮಗಳು ಸೇತುವೆ ದಾಟಿ ನಮ್ಮ ಮನೆಗೆ ಬಂದಳು, ಕಂಕುಳಲ್ಲಿ ಪೇಪರ್ ಸುತ್ತಿದ ಕಟ್ಟು. ಒಳಗೆ ಅದೇ ಫೋಟೋ, ಸ್ಟುಡಿಯೋ ಖಾಲಿ ಮಾಡುವಾಗ ಸಿಕ್ಕಿತಂತೆ.

"ಎಲ್ಲಿತ್ತ್ ಮಗಾ?" ಎಂದು ಕೇಳಿದೆ.

"ಒಳಗಿನ್ ಕೋಣೆ ಬಾಗ್ಲಿನ್ ಹಿಂದೆ ತೂಗ್ಹಾಕಿದ್ರ್ ಚಿಕ್ಕಿ. ಬಾಗ್ಲ್ ಮುಚ್ಚಿದ್ರೆ ಮಾತ್ರ ಕಾಂಬುದ್. ದಿನಾ ಅದ್ರ ಎದ್ರಿಗೇ ಕೂತ್ಕಂತಿದ್ರ್."

ಬಾಗಿಲ ಹಿಂದೆ! ಅವಳು ಅದನ್ನು ನನ್ನ ಸಮಾಧಾನಕ್ಕೆಂದು ಹೇಳಿದಳು. ಮಜ್ಜಿಗೆ ಕೊಟ್ಟು ಕಳಿಸಿದೆ. ಅವಳು ಸೇತುವೆ ದಾಟುವವರೆಗೂ ಅಳು ಬಂದಿರಲಿಲ್ಲ.

ಬೆಳಕು ಹೇಗೆ ಬೀಳುತ್ತದೆ ಎಂದು ನಾನು ನೋಡುವುದು ಈಗಲೂ ಅವರ ಕಣ್ಣಿನಿಂದಲೇ. ಹೊಳೆ ನಿಂತ ಬೆಳಿಗ್ಗೆ ಕಂಬಗಳ ಒಂದು ಕೆನ್ನೆ ಹೊಳೆಯುವಾಗ ಕೈ ಕೆಲಸ ನಿಲ್ಲುತ್ತದೆ. ಆ ಋಣ ಇಲ್ಲ ಎಂದರೆ ಸುಳ್ಳಾಗುತ್ತದೆ. ಕ್ಷಮಿಸಿದೆ ಎಂದರೂ ಸುಳ್ಳಾಗುತ್ತದೆ. ಫೋಟೋವನ್ನು ಪಡಸಾಲೆಯಲ್ಲಿ, ಬಾಗಿಲಿಗೆ ಎದುರಾಗಿ, ಬಂದವರಿಗೆ ಮೊದಲು ಕಾಣುವಲ್ಲಿ, ನಾನೇ ಮೊಳೆ ಹೊಡೆದು ಹಾಕಿದ್ದೇನೆ.

ಚೌತಿಯ ದಿನ ನೀವು ನನ್ನ ಮಾತಿಗೆ ದಂಡೆಗಿಳಿದು ಮೊಬೈಲ್ ಹಿಡಿದು ಕೂತಾಗ ನಾನು ಸೇತುವೆಯ ಮೇಲೆ ಬರುತ್ತಿದ್ದೆ. "ಅಜ್ಜಿ, ಒಂಚೂರು ಆಚೆ ಹೋಗಿ, ಫೋಟೋಕ್ಕೆ ಅಡ್ಡ ಬತ್ರಿ" ಎಂದು ಕೂಗಿದಿರಿ. ನಾನು ಹಿಂದಕ್ಕೆ ಹೋಗಿ ನಿಂತೆ, ಅಭ್ಯಾಸ. ನಿಮ್ಮ ಫೋಟೋ ನೋಡಿದೆ, ಬರೀ ಸಿಮೆಂಟ್ ಬಂದಿದೆ. ಮುಂದಿನ ಸಲ ಅಷ್ಟಮಿ ಕಳೆದ ಎರಡನೇ ದಿನ ಬನ್ನಿ, ಕೆಳಗಿಳಿದು ಕೂತುಕೊಳ್ಳಿ. ಆಚೆ ಹೋಗಿ ಎಂದು ಎಷ್ಟು ಕೂಗಿದರೂ ನಾನು ಹೋಗುವುದಿಲ್ಲ.