ಒಂದೇ ಹುಬ್ಬಿನ ಅಭಿಮಾನಿ

ಮೆಸ್ಸಿನ ಅಂಕಲ್‌ಗೆ ಎಡಗಡೆಯ ಹುಬ್ಬು ಇರಲಿಲ್ಲ. ಸೌದಿಯ ಯಾನ್ಬುವಿನ ಕ್ಯಾಂಪ್ ಅಡುಗೆಮನೆಯಲ್ಲಿ ಒಮ್ಮೆ ಗ್ಯಾಸ್ ಒಲೆ ಭಗ್ಗೆಂದಾಗ ಸುಟ್ಟುಹೋದದ್ದು ಮತ್ತೆ ಹುಟ್ಟಲೇ ಇಲ್ಲವಂತೆ. ಹಾಗಾಗಿ ಎರಡು ಹುಬ್ಬುಗಳ ಕೆಲಸವನ್ನು ಬಲಗಡೆಯದೊಂದೇ ಮಾಡಬೇಕಿತ್ತು. ಸಿಟ್ಟಿಗೆ ಕೆಳಗೆ, ಪ್ರಶ್ನೆಗೆ ಅರ್ಧ ಮೇಲೆ, ಹೆದರಿಕೆಗೆ ಪೂರ್ತಿ ಮೇಲೆ. ನಮ್ಮ ಟೀಮು ಆಡುವಾಗ ಅದು ಇನ್ನೂ ಸ್ವಲ್ಪ ಏರಿದ್ದರೆ ನೆತ್ತಿ ದಾಟಿ ಬೆನ್ನಿನ ಕಡೆ ಇಳಿಯುತ್ತಿತ್ತು.

ನಮ್ಮ ಟೀಮು ಅಂದರೆ ಕ್ರಿಕೆಟ್ ಅಲ್ಲ, ಬೇಸ್‌ಬಾಲ್. ಉಡುಪಿ ಕಡೆಯವರು ಸೌದಿಯಲ್ಲಿ ಕೂತು ಅಮೆರಿಕದ ಟೀಮಿಗೆ ಜೀವ ಬಿಡುವುದೆಂತದು ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. "ಎಂತ ವಿಶೇಷ ಮಾರಾಯ? ಅವರದ್ದೂ ಪಶ್ಚಿಮ ಕರಾವಳಿ, ನಮ್ಮದೂ ಪಶ್ಚಿಮ ಕರಾವಳಿ. ಊರಿನವರೇ ಆಯ್ತಲ್ಲ!" ಎನ್ನುತ್ತಿದ್ದರು ಅಂಕಲ್. ಹಿಂದೆ ಅವರ ಮೆಸ್ಸಿಗೆ ತಿಂಡಿಗೆ ಬರುತ್ತಿದ್ದ ಅಮೆರಿಕದ ಇಂಜಿನಿಯರುಗಳು ಟಿವಿಯಲ್ಲಿ ಅದನ್ನೇ ಹಾಕುತ್ತಿದ್ದರಂತೆ. ಅಲ್ಲಿಯ ಸಂಜೆಯ ಆಟ ನಮಗೆ ಬೆಳಗ್ಗೆ. ಪ್ರಾಜೆಕ್ಟ್ ಮುಗಿಯಿತು, ಅವರೆಲ್ಲ ಹೊರಟುಹೋದರು, ಆಟದ ಹೆದರಿಕೆಯನ್ನು ಮಾತ್ರ ಅಂಕಲ್ ಹತ್ತಿರ ಬಿಟ್ಟುಹೋದರು.

ನಾನು ಎದುರು ಫ್ಲಾಟಿನವ. ಸ್ಕೂಲ್ ಬಸ್ ಬರುವ ಮೊದಲು ಅವರ ಮನೆಗೆ ನುಗ್ಗುತ್ತಿದ್ದದ್ದು ಆಮ್ಲೆಟ್ಟಿಗಾಗಿ. ಆಟ ಆಮೇಲೆ ಅಂಟಿಕೊಂಡಿತು. ಹೆದರಿಕೆಯಾದಾಗ ಅಂಕಲ್ ನೀರುಳ್ಳಿ ಕೊಯ್ಯುತ್ತಿದ್ದರು. "ಹೆದರಿಕೆ ಆದ್ರೆ ಕೈಗೆ ಕೆಲಸ ಕೊಡ್ಬೇಕು. ಖಾಲಿ ಕೈ ಸೀದಾ ಎದೆಗೆ ಹೋಗ್ತದೆ" ಎನ್ನುವುದು ಅವರ ಸಿದ್ಧಾಂತ. ಚೆಂಡು ಎಸೆಯುವವನು ಟೋಪಿ ಸರಿಮಾಡಿ, ಉಗುಳಿ, ಭೂಮಿ ಆಕಾಶ ಎರಡರ ಕ್ಷೇಮಸಮಾಚಾರ ವಿಚಾರಿಸಿ ಎಸೆಯುವಷ್ಟರಲ್ಲಿ ಎರಡು ನೀರುಳ್ಳಿ ಮುಗಿದಿರುತ್ತಿದ್ದವು. ಟೀಮು ಸೋಲುವ ಬೆಳಗ್ಗೆ ಇಡೀ ಬಿಲ್ಡಿಂಗಿನ ಕಣ್ಣಲ್ಲಿ ನೀರು, ಸಂಜೆ ಎಲ್ಲ ಫ್ಲಾಟಿಗೂ ಎಣ್ಣೆಯಲ್ಲಿ ಕರಿದ ನೀರುಳ್ಳಿ ಬಜೆ.

ಒಂದು ಸೆಪ್ಟೆಂಬರಿನ ಬೆಳಗ್ಗೆ, ಕೊಯ್ಯುತ್ತಿದ್ದಾಗಲೇ ಚಾಕು ಬಿಟ್ಟು ಅವರ ಕೈ ಎದೆಗೆ ಹೋಯಿತು. ಹೃದಯದ ರಕ್ತನಾಳ ಕಟ್ಟಿದೆ, ಜಿದ್ದಾಕ್ಕೆ ಹೋಗಿ ಬೈಪಾಸ್ ಮಾಡಿಸಬೇಕು, ತಡ ಮಾಡಬಾರದು ಎಂದರು ಡಾಕ್ಟರು. ಅವರ ಹೆಂಡತಿ, ನಮ್ಮ ಆಂಟಿ, ನರ್ಸು. ರಿಪೋರ್ಟ್ ಓದಿದ ದಿನ ಅವರು ಯಾರಿಗೂ ಬೈಯಲಿಲ್ಲ. ಚಪ್ಪಲಿ ಹಾಕಿಕೊಂಡೇ ಒಳಗೆ ಬಂದ ನನಗೂ ಬೈಯಲಿಲ್ಲ. ನಾನೇ ಹೊರಗೆ ಹೋಗಿ ಚಪ್ಪಲಿ ಕಳಚಿ ಬಂದೆ.

ಅಂಕಲ್ ಮಾತ್ರ ಷರತ್ತು ಹಾಕಿದರು. "ಸೀಸನ್ ಒಂದು ಮುಗೀಲಿ. ಅವರು ಹೊರಗೆ ಬಿದ್ದ ದಿನ ನಾನು ಆಸ್ಪತ್ರೆ ಒಳಗೆ."

ನಮ್ಮ ಟೀಮು ಪ್ರತಿವರ್ಷ ಹೊತ್ತಿಗೆ ಸರಿಯಾಗಿ ಹೊರಗೆ ಬೀಳುತ್ತಿದ್ದದ್ದರಿಂದ ಆಂಟಿ ಹೇಗೋ ಒಪ್ಪಿದರು. ಆದರೆ ಆ ವರ್ಷ ಅದಕ್ಕೇನು ದೆವ್ವ ಹಿಡಿಯಿತೋ, ಗೆಲ್ಲಲು ಶುರುಮಾಡಿತು. ಪ್ಲೇಆಫ್ ತಲುಪಿದರೆ ಇನ್ನೊಂದು ತಿಂಗಳು ಆಟ. ಅಂಕಲ್ ಹೃದಯ ಆ ತಿಂಗಳು ತಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಆಂಟಿ ನನ್ನನ್ನು ಮೆಟ್ಟಿಲಲ್ಲಿ ಹಿಡಿದರು. "ದೇವರು ನಿನ್ನ ಮಾತು ಕೇಳ್ತಾನಾ?"

"ಮಾರ್ಕ್ಸ್ ವಿಷಯದಲ್ಲಿ ಇಲ್ಲಿವರೆಗೆ ಕೇಳಿಲ್ಲ ಆಂಟಿ."

"ಇದೊಂದು ಹೇಳಿ ನೋಡು. ಆ ದರಿದ್ರದವರು ಒಮ್ಮೆ ಸೋಲ್ಲಿ."

ಅಲ್ಲಿಂದ ನನ್ನ ಮಹಾನಟನೆ ಶುರು. ಹೋಮ್ ರನ್ ಬಿದ್ದಾಗ ಅಂಕಲ್ ಜೊತೆ ಕೇಕೆ ಹಾಕುವುದು, ಒಳಗೊಳಗೇ "ಬೇಡ, ಬೇಡ" ಎನ್ನುವುದು. ಅವರು ಎದ್ದು ಹಾರಿದರೆ ಅಡುಗೆಮನೆಯಿಂದ "ಕೂತ್ಕೊಳ್ಳಿ!" ಎಂಬ ಗುಡುಗು. ನಾನು ಟಿವಿ ನೋಡುವುದನ್ನು ಬಿಟ್ಟು ಅವರ ಅಂಗಿಯ ಗುಂಡಿ ನೋಡುತ್ತಿದ್ದೆ, ಉಸಿರಿಗೆ ಸರಿಯಾಗಿ ಏರಿಳಿಯುತ್ತಿದೆಯೋ ಎಂದು.

ಸೀಸನ್ನಿನ ಕೊನೆಯ ಶನಿವಾರ ಬೆಳಗ್ಗೆ ಲೆಕ್ಕ ಸರಳವಾಗಿತ್ತು. ನಾವು ಗೆಲ್ಲಬೇಕು, ಇನ್ನೊಂದು ಮೈದಾನದಲ್ಲಿ ಆಡುತ್ತಿದ್ದ ನಮ್ಮ ಪ್ರತಿಸ್ಪರ್ಧಿಗಳು ಸೋಲಬೇಕು. ಇಲ್ಲದಿದ್ದರೆ ಕಥೆ ಮುಗಿಯಿತು. ಆಂಟಿ ಚೀಲ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದರು. ಅಪ್ಪ ಕಾರಿನ ಕೀ ಹಿಡಿದು ಸೋಫಾದ ತುದಿಯಲ್ಲಿ ಕೂತಿದ್ದರು. ನಾವು ಗೆದ್ದೆವು. ನಾನು ಕೇಕೆ ಹಾಕುತ್ತಲೇ ಬಾಗಿಲಲ್ಲಿದ್ದ ಚೀಲ ನೋಡಿದೆ. ಆಚೆಯವರ ಮ್ಯಾಚ್ ಸಮಸಮವಾಗಿ ಮುಂದುವರಿಯುತ್ತಲೇ ಇತ್ತು.

ಆಗ ಟಿವಿ ನಮ್ಮ ಆಟಗಾರರನ್ನು ತೋರಿಸಿತು. ಆನೆಯಂಥ ಗಂಡಸರು ಬೆಂಚಿನಲ್ಲಿ ಸಾಲಾಗಿ ಕೂತು, ಉಗುರು ಕಚ್ಚುತ್ತಾ, ಆಚೆಯವರ ಮ್ಯಾಚನ್ನು ಟಿವಿಯಲ್ಲಿ ನೋಡುತ್ತಿದ್ದರು. ಅಂಕಲ್ ಕೊಯ್ಯುವುದನ್ನು ನಿಲ್ಲಿಸಿದರು.

"ನೋಡು, ಅವರ ಕೈಯಲ್ಲಿ ಇದ್ದದ್ದು ಮಾಡಿ ಆಯ್ತು. ಇನ್ನು ಬೇರೆಯವರ ಕೈಯಲ್ಲಿ. ಕೂತ್ಕೊಳ್ಳುವುದು ಬಿಟ್ರೆ ಎಂತ ಉಂಟು?"

ಚಾಕು ಸಿಂಕಿನಲ್ಲಿಟ್ಟು, ತಾವೇ ಟಿವಿ ಆರಿಸಿದರು. ಚಾಕು ಬಿಟ್ಟ ಕೈ ನಡುಗುತ್ತಿತ್ತು. ಇಷ್ಟು ದಿನ ನೀರುಳ್ಳಿ ಅದನ್ನು ಮುಚ್ಚಿಟ್ಟಿತ್ತು.

"ಎಂತ, ಸೋತ್ರಾ?" ಎಂದು ಆಂಟಿ ಓಡಿಬಂದರು.

"ಗೊತ್ತಿಲ್ಲ. ಹೋಗುವ, ಯಲ್ಲಾ." ನನ್ನ ಕಡೆ ತಿರುಗಿ, "ನೀನು ಫೋನಲ್ಲಿ ನೋಡು. ನಾನು ಆಪರೇಶನ್ ಮುಗಿದು ಏಳುವವರೆಗೆ ಹೇಳ್ಬಾರ್ದು. ಮುಖದಲ್ಲೂ ಹೇಳ್ಬಾರ್ದು."

ನನ್ನ ಕಿವಿಗೆ ಬಿದ್ದ ಗುಟ್ಟು ಗಂಟಲಿಗೆ ಇಳಿಯುವ ಮೊದಲೇ ಬಾಯಿಂದ ಹೊರಗೆ ಬರುತ್ತದೆ ಎಂಬುದು ನಮ್ಮ ಕಾಲೊನಿಗೇ ಗೊತ್ತು. ಅಂಥವನ ಫೋನಿಗೆ ಜಿದ್ದಾ ರಸ್ತೆಯ ಅರ್ಧ ದಾರಿಯಲ್ಲಿ ಫಲಿತಾಂಶ ಬಂತು. ನಾನು ಅಪ್ಪನ ಕಪ್ಪು ಕನ್ನಡಕ ಹಾಕಿಕೊಂಡೆ. ಸೀಟ್‌ಬೆಲ್ಟ್ ಕಚ್ಚಿದೆ. ಮುಂದೆ ಕೂತಿದ್ದ ಅಂಕಲ್ ಕನ್ನಡಿಯಲ್ಲಿ ಒಮ್ಮೆ ನೋಡಿದರು, ಹುಬ್ಬು ಅರ್ಧ ಮೇಲೆ. ನಾನು ತಕ್ಷಣ ಕಿಟಕಿಯಾಚೆಯ ಒಂಟೆಗಳ ಬಗ್ಗೆ ಭಾರೀ ಆಸಕ್ತಿ ತೋರಿಸಿದೆ. ಮನಸ್ಸಿನಲ್ಲಿ ಒಂದೇ ಲೆಕ್ಕ: ಸ್ಕೋರು ನನ್ನ ಹತ್ತಿರ ಇದೆ. ಅದನ್ನು ಕೇಳಲಿಕ್ಕಾದರೂ ಈ ಮನುಷ್ಯ ಏಳಲೇಬೇಕು.

ಮರುದಿನ ಆಪರೇಶನ್. ಹೇಳಿದ ಹೊತ್ತು ದಾಟಿದರೂ ಬಾಗಿಲು ತೆರೆಯಲಿಲ್ಲ. ಆಂಟಿ ಗೋಡೆ ನೋಡುತ್ತಿದ್ದರು. ಒಳಗೆ ಏನೇನು ಆಗುತ್ತಿರಬಹುದೆಂದು ಗೊತ್ತಿದ್ದವರು ಅಲ್ಲಿ ಅವರೊಬ್ಬರೇ. ನನ್ನ ಕೈ ತನ್ನಷ್ಟಕ್ಕೆ ಎದೆಗೆ ಹೋಯಿತು. ಕೂಡಲೇ ಎದ್ದು ಕ್ಯಾಂಟೀನಿನಿಂದ ಕಿತ್ತಳೆ ತಂದು ಸುಲಿಯತೊಡಗಿದೆ. ಯಾರಿಗೂ ಬೇಡವಾಗಿತ್ತು. ಪಕ್ಕದ ಕುರ್ಚಿಯ ಸೂಡಾನಿ ಅಜ್ಜ ಮಾತ್ರ ನಾನು ಕೊಟ್ಟದ್ದನ್ನೆಲ್ಲ ತಿಂದು, ಮತ್ತೆ ಮತ್ತೆ ಕೈ ಚಾಚಿ, ನನ್ನ ಹೆದರಿಕೆಗೆ ದೊಡ್ಡ ಉಪಕಾರ ಮಾಡಿದರು.

ಆಂಟಿ ಯಾರಲ್ಲೋ ಬೇಡಿಕೊಂಡು ನನ್ನನ್ನು ಒಂದು ಗಳಿಗೆ ಐಸಿಯು ಒಳಗೆ ಬಿಡಿಸಿದ್ದು ಅದರ ಮರುದಿನ. ಹಾಸಿಗೆಯಲ್ಲಿ ಮನುಷ್ಯನಿಗಿಂತ ಪೈಪುಗಳೇ ಹೆಚ್ಚಿದ್ದವು. ಬಾಯಿಯಲ್ಲಿ ನಳಿಗೆ, ಮುಖದ ತುಂಬ ಪಟ್ಟಿ. ಇವರು ಬೇರೆ ಯಾರೋ, ತಪ್ಪಿ ಬಂದೆ ಎನಿಸಿ ಒಂದು ಹೆಜ್ಜೆ ಹಿಂದೆ ಸರಿದೆ.

ಕಣ್ಣು ತೆರೆಯಿತು. ಆಮೇಲೆ, ಬಲಗಡೆಯ ಹುಬ್ಬು ಮೆಲ್ಲಗೆ ಅರ್ಧ ಮೇಲಕ್ಕೆ ಹೋಯಿತು.

ಎಲ್ಲವನ್ನೂ ರಬ್ಬರಿನಂತೆ ಎಳೆದು ಹೇಳುವ ನನ್ನ ಬಾಯಿಂದ ಬಂದದ್ದು ಇಷ್ಟೇ: "ಔಟ್, ಅಂಕಲ್. ಆಚೆಯವ್ರು ಗೆದ್ರು."

ಹುಬ್ಬು ಕೆಳಗಿಳಿಯಿತು. ಬಾಯಿ ಬಿಡುವಂತಾದ ದಿನ ಅವರು ಹೇಳಿದ ಮೊದಲ ಮಾತು, "ಒಳ್ಳೇದಾಯ್ತು ಮಾರಾಯ. ಇನ್ನೊಂದು ತಿಂಗಳು ನೀರುಳ್ಳಿ ಕೊಯ್ಲಿಕ್ಕೆ ನನ್ನಿಂದ ಆಗ್ತಿರ್ಲಿಲ್ಲ."

ಅವರು ಕೆಲಸ ಬಿಟ್ಟು ಊರಿಗೆ ಹೋದರು. ಈಗ ನಾನೊಬ್ಬನೇ ಬೆಳಗ್ಗೆ ಮ್ಯಾಚ್ ನೋಡುತ್ತೇನೆ, ನೀರುಳ್ಳಿ ಕೊಯ್ಯುತ್ತೇನೆ, ಜೊತೆಗೆ ಬೆರಳನ್ನೂ. ಪರೀಕ್ಷೆಯ ದಿನವೂ ಹಾಗೆಯೇ. ಅವರು ಲೈವ್ ನೋಡಬಾರದೆಂದು ಆಂಟಿಯ ಆರ್ಡರ್. ಸ್ಕೋರು ನಾನೇ ವಿಡಿಯೋ ಕರೆ ಮಾಡಿ ಹೇಳಬೇಕು. ಫೋನನ್ನು ಎಷ್ಟು ಹತ್ತಿರ ಹಿಡಿಯುತ್ತಾರೆಂದರೆ ಪರದೆಯ ತುಂಬ ಒಂದು ಹುಬ್ಬು. ಅದು ಅರ್ಧ ಮೇಲೇರಿ ನಿಲ್ಲುತ್ತದೆ. ನಾನು ಕೂಡಲೇ ಹೇಳುವುದಿಲ್ಲ. ಸ್ವಲ್ಪ ಹೊತ್ತು ಕೇಳುತ್ತಾ ಇರಲಿ.