ಬಾಗಿಲಿಗೆ ಬಿದ್ದ ಉಲ್ಲನ್ ಚೀಲಗಳು

ಗೆಳೆಯರೇ, ಇವತ್ತು ಬೆಳಿಗ್ಗೆ ಇಳಕಲ್ಲಿನ ನಮ್ಮ ಎರಡು ಕೋಣೆಯ ಮನೆಯ ಬಾಗಿಲು ನಾಲ್ಕು ಬೆರಳಿನಷ್ಟು ತೆರೆದು ನಿಂತುಬಿಟ್ಟಿತು. ನಾನು ಹೊರಗೆ, ಕಿವಿ ಮಂದವಾದ ನನ್ನ ಅತ್ತೆ ಒಳಗೆ, ಒಲೆಯ ಮೇಲೆ ಹಾಲು. ಸಣ್ಣ ಉರಿ ಇಟ್ಟು ಸಕ್ಕರೆ ತರಲು ಹೋಗಿದ್ದೆ. ಅಷ್ಟರಲ್ಲಿ ಬಾಗಿಲ ಹಿಂದೆ ಪೇರಿಸಿಟ್ಟಿದ್ದ ನನ್ನ ಉಲ್ಲನ್ ಚೀಲಗಳು ಉರುಳಿ, ಬಾಗಿಲಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿದ್ದವು. ಸ್ವೆಟರ್ ಹೆಣೆಯುವವಳಿಗೆ ಎಷ್ಟು ಬಣ್ಣವಿದ್ದರೂ ಸಾಲದು, ಚೀಲ ಏಳಾಗಿದ್ದವು.

ಸಂದಿಯಿಂದ ಸೀದ ವಾಸನೆ ಬಂತು. ಹಾಲೋ, ನೂಲೋ?

"ಅತ್ತೀ, ಒಲಿ ಆರಸ್ರಿ!" ಎಂದು ಕಿರುಚಿದೆ. ಬಾಗಿಲಿಗೆ ಭುಜ ಕೊಟ್ಟು ನೂಕಿದೆ.

ಪಕ್ಕದ ಮನೆಯ ನೇಕಾರ ಈರಣ್ಣ ಮಗ್ಗ ಬಿಟ್ಟು ಓಡಿ ಬಂದ. "ಅಂಜಬ್ಯಾಡ್ರಿ ಅಕ್ಕಾರ. ನೂಕಿದ್ರ ಮತ್ತಷ್ಟ ಬಿಗಿ ಆಗತೈತಿ" ಎಂದವನೇ ಸಂದಿಯಲ್ಲಿ ಕೈ ತೂರಿಸಿ, ಚೀಲ ಹರಿದು, ಉಂಡೆಗಳನ್ನು ಒಂದೊಂದಾಗಿ ಎಳೆದು ಬೀದಿಗೆ ಎಸೆಯತೊಡಗಿದ. ನಾನೂ ಎಳೆದೆ. ಮೈ ತೂರುವಷ್ಟು ಜಾಗವಾಗುವ ಹೊತ್ತಿಗೆ ಬೀದಿ ತುಂಬ ಉಂಡೆಗಳು ಉರುಳಿದ್ದವು.

ಒಳಗೆ ನುಗ್ಗಿ ಮೊದಲು ಗ್ಯಾಸ್ ಆರಿಸಿದೆ. ಪಾತ್ರೆ ಕರಕಲಾಗಿತ್ತು. ಒಲೆಯ ಮೇಲಿನ ಹಲಗೆಯಿಂದ ಜೋತಿದ್ದ ಕೆಂಪು ನೂಲಿನ ತುದಿ ಕಪ್ಪಗೆ ಮುರುಟಿತ್ತು. ಒಳಕೋಣೆಗೆ ಓಡಿ, ಮಂಚದ ಮೇಲೆ ಮಲಗಿದ್ದ ಅತ್ತೆಯನ್ನು ಅಲುಗಿಸಿದೆ. ಅವರು ಕಣ್ಣು ಬಿಟ್ಟು, "ಚಾ ಆತೇನವಾ?" ಎಂದರು. ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಸಂಜೆಯಾದರೂ ಹೆಣಿಗೆ ಕಡ್ಡಿ ಹಿಡಿಯಲಾಗುತ್ತಿಲ್ಲ. ಉಲ್ಲನ್ ಬೇಕಾದವರು ಇವತ್ತೇ ಬನ್ನಿ. ನಾಳೆ ಭಯ ಇಳಿದರೆ ಒಂದು ಉಂಡೆಯನ್ನೂ ಕೊಡುವವಳಲ್ಲ ನಾನು.