ಸ್ಪೇಸ್ ಸ್ಟೇಷನ್ನಿಗೆ ಒಂದಿಂಚು ಕಮ್ಮಿ

೧೯೯೬. ನಾನಾಗ ಮೈಸೂರಿನ ಕಲಾಶಾಲೆಯೊಂದರಲ್ಲಿ ಸ್ಕಲ್ಪ್ಚರ್ ಕಲಿಸುತ್ತಿದ್ದೆ. ಕೆ.ಆರ್. ಪೇಟೆಯ ಕಾಲೇಜೊಂದು ತನ್ನ ಹೊಸ ಸೈನ್ಸ್ ಬ್ಲಾಕಿನ ಮುಂದೆ ನಿಲ್ಲಿಸಲು ಶಿಲ್ಪ ಕೇಳಿತು. ನನ್ನ ಮೊದಲ ಪಬ್ಲಿಕ್ ಕಮಿಷನ್. ಕಾನ್ವೆಂಟಿನಲ್ಲಿ ಸಿಸ್ಟರ್ ಕಣ್ಣು ತಪ್ಪಿಸಿ ಸೈನ್ಸ್ ಫಿಕ್ಷನ್ ಓದುತ್ತಿದ್ದ ದಿನಗಳ ಆಸೆಯನ್ನೇ ಕಾಗದಕ್ಕಿಳಿಸಿದೆ: ಬಾಹ್ಯಾಕಾಶದಲ್ಲಿ ಚಕ್ರದಂತೆ ತಿರುಗುವ ಸ್ಪೇಸ್ ಸ್ಟೇಷನ್. ಆರಡಿ ಅಗಲದ ಜಾಲಿಮರದ ಚಕ್ರ, ನಡುವಿನಿಂದ ಹೊರಟ ಅದರ ಅರಗಳ ತುದಿಯಲ್ಲಿ, ಅಂಚಿಗೆ ತಾಗಿದಂತೆ, ಎಂಟು ಫೈಬರ್‌ಗ್ಲಾಸ್ ಪಾಡ್‌ಗಳು, ಅಂದರೆ ಗಗನಯಾತ್ರಿಗಳ ಪುಟ್ಟ ಕೋಣೆಗಳು. ಸುತ್ತಲೂ ಬೋಲ್ಟ್ ಹಾಕಿ ಕೂರಿಸಬೇಕಾದ ಕಬ್ಬಿಣದ ಪಟ್ಟಿ.

ಪಟ್ಟಿಯ ಕೆಲಸವನ್ನು ಆ ಊರಿನ ಕಮ್ಮಾರ ಪುಟ್ಟಾಚಾರಿಗೆ ಒಪ್ಪಿಸಿ, ಡ್ರಾಯಿಂಗ್ ಕೊಟ್ಟು ‘ಅರ್ಥವಾಯಿತಾ’ ಎಂದು ಕೇಳಿ ಬಂದಿದ್ದೆ. ಉದ್ಘಾಟನೆಯ ಹಿಂದಿನ ಮಧ್ಯಾಹ್ನ ಪಟ್ಟಿ ಬಂತು. ಕೂರಲಿಲ್ಲ. ಸುತ್ತಳತೆಯಲ್ಲಿ ಒಂದಿಂಚು ಕಮ್ಮಿ. ತುಂಡು ಸೇರಿಸಿ ವೆಲ್ಡ್ ಮಾಡಿಸೋಣವೆಂದರೆ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನದಿಂದ ಊರಿಗೇ ಕರೆಂಟಿಲ್ಲ. ಆಚಾರಿಯನ್ನು ಚೆನ್ನಾಗಿ ಬೈದೆ.

"ಕಮ್ಮಿ ಇಲ್ದಿದ್ರೆ ಪಟ್ಟಿ ಎಂಗ್ ಕಚ್ಕತದೆ ಮೇಡಮ್ನೋರೆ? ಗಾಡಿಚಕ್ರಕ್ಕೆ ನಮ್ಮಪ್ಪನ ಕಾಲ್ದಿಂದ್ಲೂ ಇಂಗೇ ಮಾಡಾದು."

ಪಟ್ಟಿಯನ್ನು ಬೇಕೆಂದೇ ಚಿಕ್ಕದು ಮಾಡಿ, ಕೆಂಪಗೆ ಕಾಯಿಸಿ ಹಿಗ್ಗಿಸಿ, ಚಕ್ರಕ್ಕೆ ತೊಡಿಸಿ ನೀರು ಸುರಿಯುತ್ತಾರೆ. ಅದು ಕುಗ್ಗಿ ಮರವನ್ನು ಬಿಗಿಯುತ್ತದೆ. ಚಕ್ರದ ಚಿತ್ರ ನೋಡಿದವನು ಗಾಡಿಚಕ್ರದ ಪಟ್ಟಿಯನ್ನೇ ಮಾಡಿದ್ದ. ಆದರೆ ಅಂಚಿಗೇ ಅಂಟಿಸಿದ್ದ ಪಾಡ್‌ಗಳಿಗೆ ಆ ಬೆಂಕಿ ತಗುಲಿದರೆ ನನ್ನ ಆರು ತಿಂಗಳ ಕೆಲಸ ಹೊಗೆಯಾಗುತ್ತಿತ್ತು.

ಜೊತೆಗೆ ಬಂದಿದ್ದ ಆಚಾರಿಯ ಹೆಂಡತಿ ಕೆಂಪಮ್ಮ ಗಂಡನಿಗೆ ಹೇಳಿದಳು: "ಅವ್ರು ಮಾಡ್ಸಿರಾದು ಎತ್ತಿಲ್ದಿರೋ ಗಾಡಿ ಕಣ್ ಬುಡು. ಗೋಣಿಚೀಲ ನೆನೆಸಿ ಸುತ್ತು, ಬೇಯಕ್ಕಿಲ್ಲ."

ಬೇರೆ ದಾರಿ ಇರಲಿಲ್ಲ. ಹೂಂ ಎಂದೆ.

ಪಾಡ್‌ಗಳಿಗೆ ಒದ್ದೆ ಗೋಣಿ ಸುತ್ತಿ, ಕಾಲೇಜಿನ ಮೈದಾನದಲ್ಲಿ ಬೆರಣಿಯನ್ನು ಉಂಗುರದಂತೆ ಪೇರಿಸಿ ಪಟ್ಟಿ ಕಾಯಿಸಿದರು. ನಾಲ್ಕು ಜನ ಇಕ್ಕುಳದಲ್ಲಿ ಎತ್ತಿ ತೊಡಿಸಿದ ಕ್ಷಣ ಮರ ಹೊತ್ತಿಕೊಂಡಿತು. ಒಂದು ಗೋಣಿ ಒಣಗಿ ಕರಕಲಾಯಿತು. ಕೆಂಪಮ್ಮ ಕೊಡದ ಮೇಲೆ ಕೊಡ ಸುರಿಯುತ್ತಿದ್ದಳು, ಆಚಾರಿ ಪಟ್ಟಿಯ ಸುತ್ತ ಓಡುತ್ತಾ ಸುತ್ತಿಗೆ ಬಡಿಯುತ್ತಿದ್ದ. ಆವಿಯೊಳಗಿನಿಂದ ಕಟಕ್ ಎಂದು ಸದ್ದು ಬಂತು. ಚಕ್ರ ಸೀಳಿಹೋಯಿತು, ಫಿನಿಷ್ಡ್ ಎಂದುಕೊಂಡೆ.

ಆಚಾರಿ ಮರಕ್ಕೆ ಕಿವಿಯಿಟ್ಟ. ಮತ್ತೊಂದು ಕಟಕ್. "ಅರ ಕೂತ್ಕತಾವೆ ಕಣವ್ವ," ಎಂದ ನನಗೆ. ಅರಗಳ ಸಂದು ಬಿಗಿಯುವ ಸದ್ದಂತೆ.

ಪಟ್ಟಿ ಅಲುಗಲಿಲ್ಲ. ಒಂದು ಪಾಡ್ ಮಾತ್ರ ಒಂದು ಮಗ್ಗುಲಲ್ಲಿ ಕಪ್ಪಾಗಿ ಗುಳ್ಳೆಯೆದ್ದಿತ್ತು. ಬಣ್ಣ ಬಳಿಯಲು ಸಮಯವಿರಲಿಲ್ಲ. ಮರುದಿನ ಫಿಸಿಕ್ಸ್ ಲೆಕ್ಚರರ್ ಅದನ್ನು ಮುಟ್ಟಿ, ಭೂಮಿಯ ವಾತಾವರಣಕ್ಕೆ ಮರಳುವ ನೌಕೆಯ ಸುಟ್ಟ ಮೈಯನ್ನು ಎಷ್ಟು ಆಥೆಂಟಿಕ್ ಆಗಿ ತೋರಿಸಿದ್ದೀರಿ ಎಂದು ಹೊಗಳಿದರು. ನಾನು ಥ್ಯಾಂಕ್ ಯೂ ಎಂದೆ, ನಾಚಿಕೆಯಿಲ್ಲದೆ.

ಅಲ್ಲಿಂದಾಚೆ ಡ್ರಾಯಿಂಗ್ ಕೊಟ್ಟು ‘ಅರ್ಥವಾಯಿತಾ’ ಎಂದು ಯಾರನ್ನೂ ಕೇಳಿಲ್ಲ. ‘ಮೊದಲು ಏನು ಮಾಡುತ್ತೀರಿ, ಆಮೇಲೆ ಏನು?’ ಎಂದು ಕೇಳಿ, ಅವರು ಹೇಳಿ ಮುಗಿಸುವ ತನಕ ಕುಲುಮೆಯ ಪಕ್ಕ ಸುಮ್ಮನೆ ಕೂತಿದ್ದೇನೆ.